ರಾಯಭಾರಿಯ ಮುಚ್ಚಳಿಕೆ



ಕಬ್ಬಿನ ಕಟಾವು ಆರಂಭವಾಯಿತೆಂದರೆ ಹಾರೂಗೇರಿಯ ರಸ್ತೆಗಳಲ್ಲಿ ಹಗಲು ರಾತ್ರಿ ಎನ್ನದೆ ಟ್ರ್ಯಾಕ್ಟರುಗಳ ಸಾಲು. ಆ ದಿನಗಳಲ್ಲಿ ಭಾನುವಾರದ ಬಲಿಪೂಜೆಗೆ ಬರುವವರ ದೇಹ ದೇವಾಲಯದಲ್ಲಿದ್ದರೂ ಮನಸ್ಸು ಹೊಲದ ಬದುವಿನಲ್ಲಿರುತ್ತದೆ. ಅಂಥದೊಂದು ಭಾನುವಾರ ಪೂಜೆ ಮುಗಿದ ಮೇಲೂ ಒಂದು ಕುಟುಂಬ ಮನೆಗೆ ಹೊರಡದೆ ಬಾಗಿಲ ಬಳಿ ನಿಂತಿತ್ತು. ತಂದೆ, ತಾಯಿ, ಹಿರಿಯ ಮಗಳು. ಹುಡುಗಿ ಧಾರವಾಡದಲ್ಲಿ ಪದವಿ ಮುಗಿಸಿ, ಅಲ್ಲೇ ಕೋಣೆ ಹಿಡಿದು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುತ್ತಿದ್ದವಳು. ಒಳ್ಳೆಯ ಸಂಬಂಧವೊಂದು ಕೂಡಿಬಂದಿತ್ತು. ಆದರೆ ಗಂಡಿನ ಕಡೆಯವರದು ಒಂದು ಷರತ್ತು.

"ಲಗ್ನ ಆದಮ್ಯಾಲ ಪರೀಕ್ಷಾ ಗಿರೀಕ್ಷಾ ಕಟ್ಟೂದಿಲ್ಲ, ಊರ ಬಿಟ್ಟ ನೌಕರಿಗೆ ಹೋಗೂದಿಲ್ಲ ಅಂತ ಆಕಿ ಕೈಲೆ ಬರಸಿ ಕೊಡ್ರಿ ಅಂತಾರ್ರಿ ಫಾದರ್. ಈಕಿ ಒಲ್ಲೆ ಅಂತಾಳ. ನೀವ ಒಂದ ಮಾತ ಹೇಳಿದ್ರ ಕೇಳತಾಳ" ಎಂದರು ತಂದೆ.

ನಾನು ಹೇಳಿದೆ. ಗುರುದೀಕ್ಷೆ ಪಡೆದು ಕಾಲು ಶತಮಾನ ದಾಟಿದವನಿಗೆ ಇಂಥ ಮಾತುಗಳಿಗೆ ಬರವಿಲ್ಲ. ಸಂಸಾರವೆಂದರೆ ತ್ಯಾಗ, ಹೊಂದಿಕೊಂಡು ಹೋಗುವುದರಲ್ಲೇ ದೊಡ್ಡತನ, ದೇವರು ಒಂದು ಬಾಗಿಲು ಮುಚ್ಚಿದರೆ ಮತ್ತೊಂದು ತೆರೆಯುತ್ತಾನೆ ಎಂದೆಲ್ಲ ಹೇಳಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಹಳ ಮೆಲ್ಲಗೆ, "ಹಂಗಾರ ಅವರ ಮಗನ ಕಡಿಯಿಂದನೂ ಇಂಥಾದ್ದೊಂದ ಬರಸ್ಕೋಬೋದೇನ್ರಿ ಫಾದರ್?" ಎಂದಳು. ತಂದೆ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ಆ ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅಂದು ರಾತ್ರಿ ಪ್ರಾರ್ಥನೆಗೆ ಕುಳಿತಾಗಲೂ ಆ ಪ್ರಶ್ನೆ ಎದ್ದು ಹೋಗಲಿಲ್ಲ. ಅದೇ ಪ್ರಶ್ನೆಯನ್ನು ನಮ್ಮ ನಾಡಿನ ಇನ್ನೊಬ್ಬ ಹೆಣ್ಣುಮಗಳು ಹಿಂದೊಮ್ಮೆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಟ್ಟಿದ್ದಳೆಂಬುದು ಆಗ ನೆನಪಾಯಿತು. ಆಕೆಯಿಂದಲೂ ಒಂದು ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತು. ಬರೆಸಿಕೊಂಡವರು ಬೀಗರಲ್ಲ, ಭಾರತ ಸರಕಾರ.

ಚೋನಿರ ಬೆಳ್ಯಪ್ಪ ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ಕೊಡಗಿನ ವಿರಾಜಪೇಟೆಯಲ್ಲಿ. ಆಗ ಕೊಡಗು ಬ್ರಿಟಿಷರ ನೇರ ಆಳ್ವಿಕೆಯ ಪುಟ್ಟ ಪ್ರಾಂತ; ಮೈಸೂರು ರಾಜ್ಯವನ್ನು ಅದು ಸೇರಿದ್ದು 1956ರಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ನಾಲ್ವರು ಮಕ್ಕಳೊಂದಿಗೆ ಉಳಿದ ತಾಯಿ ಎಲ್ಲರನ್ನೂ ಓದಿಸಿಯೇ ತೀರುತ್ತೇನೆಂದು ಹಟ ಹಿಡಿದರು. ಹಟ ಎಂಬ ಪದವನ್ನು ನಾವು ಹೆಂಗಸರ ವಿಷಯದಲ್ಲಿ ದೋಷವೆಂಬಂತೆ ಬಳಸುತ್ತೇವೆ. ಆದರೆ ಎಷ್ಟು ಮನೆಗಳಲ್ಲಿ ಮಕ್ಕಳ ಓದು ನಿಂತಿರುವುದು ಒಬ್ಬ ವಿಧವೆಯ ಹಟದ ಮೇಲೆ! ಈ ಧರ್ಮಕೇಂದ್ರದಲ್ಲಿಯೇ ಅಂಥ ಮೂರು ಮನೆಗಳನ್ನು ನಾನು ಬೆರಳಿಟ್ಟು ತೋರಿಸಬಲ್ಲೆ.

ಮುತ್ತಮ್ಮ ಕಲಿತದ್ದು ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆಯಲ್ಲಿ, ಅನಂತರ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಆ ಬಳಿಕ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ. 1948ರಲ್ಲಿ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಸ್ವತಂತ್ರ ಭಾರತದಲ್ಲಿ ಆ ಪರೀಕ್ಷೆಯನ್ನು ಗೆದ್ದ ಮೊದಲ ಮಹಿಳೆ ಅವರು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದರು. ಆ ಸೇವೆಗೂ ಆಗಿನ್ನೂ ಎಳೆಯ ಪ್ರಾಯ. ಅದನ್ನು ಸ್ಥಾಪಿಸುವ ತೀರ್ಮಾನವಾದದ್ದು 1946ರ ಅಕ್ಟೋಬರಿನಲ್ಲಿ.

ಸಂದರ್ಶನದಲ್ಲಿ ಹಿರಿಯರು ಆಕೆಯ ಮನಸ್ಸು ಬದಲಿಸಲು ಯತ್ನಿಸಿದರು. ಇದು ಹೆಂಗಸರಿಗೆ ತಕ್ಕ ಕೆಲಸವಲ್ಲವೆಂಬ ಭಾವನೆ ಅವರದು. ಆಕೆ ಬಗ್ಗಲಿಲ್ಲ. ಕೊನೆಗೆ, ಮದುವೆಯಾದರೆ ಹುದ್ದೆಗೆ ರಾಜೀನಾಮೆ ಕೊಡುತ್ತೇನೆಂದು ಆಕೆಯಿಂದ ಬರೆಸಿಕೊಂಡು ಸೇವೆಗೆ ತೆಗೆದುಕೊಂಡರು. ಜೊತೆಯಲ್ಲಿ ಸೇರಿದ ಗಂಡಸರು ಯಾರೂ ಅಂಥ ಕಾಗದಕ್ಕೆ ಸಹಿ ಹಾಕಬೇಕಾಗಿರಲಿಲ್ಲ.

ಇದು ಸಂವಿಧಾನ ಜಾರಿಗೆ ಬರುವುದಕ್ಕೆ ಮುಂಚಿನ ಮಾತು, ಕಾಲವೇ ಹಾಗಿತ್ತು ಎಂದು ನೀವು ಹೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆದರೆ 1950ರಲ್ಲಿ ಸಂವಿಧಾನ ಬಂದು, ಲಿಂಗಭೇದದ ಕಾರಣಕ್ಕೆ ಸರಕಾರಿ ಹುದ್ದೆಯಲ್ಲಿ ತಾರತಮ್ಯ ಸಲ್ಲದೆಂದು ಸಾರಿದ ಮೇಲೂ, ಹನ್ನೊಂದು ವರ್ಷ ಕಳೆದ ಬಳಿಕ, 1961ರಲ್ಲಿ ವಿದೇಶಾಂಗ ಸೇವೆಗೆಂದು ರೂಪಿಸಿದ ನಿಯಮಗಳಲ್ಲಿ ಈ ಮನೋಭಾವ ಅಚ್ಚಾಗಿ ಕುಳಿತಿತು. ಸೇವೆಯಲ್ಲಿರುವ ಮಹಿಳೆ ಮದುವೆಗೆ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾದೀತೆಂದು ಸರಕಾರಕ್ಕೆ ಅನಿಸಿದರೆ ಆಕೆ ರಾಜೀನಾಮೆ ಕೊಡಬೇಕಾಗಬಹುದು ಎಂದಿತು ಒಂದು ನಿಯಮ. ವಿವಾಹಿತ ಮಹಿಳೆ ಈ ಸೇವೆಗೆ ನೇಮಕಗೊಳ್ಳುವುದನ್ನು ಹಕ್ಕೆಂದು ಕೇಳುವಂತಿಲ್ಲ ಎಂದಿತು ಇನ್ನೊಂದು. ಕಾಲದ ದೋಷವನ್ನು ಕ್ಷಮಿಸಬಹುದು. ಹೊಸ ಕಾಲ ಬಂದ ಮೇಲೆ ಹಳೆಯ ದೋಷವನ್ನು ತಿದ್ದಿ ಬರೆದು ಸಹಿ ಹಾಕಿದರೆ ಅದಕ್ಕೆ ಕಾಲ ಹೊಣೆಯಲ್ಲ.

ರಾಯಭಾರಿ ಎಂದರೆ ಯಾರು, ಆ ಕೆಲಸದ ಸ್ವಭಾವವೇನು ಎಂಬುದನ್ನು ಇಲ್ಲಿ ಕೊಂಚ ನೋಡಬೇಕು. ಇಲ್ಲದಿದ್ದರೆ ಮುತ್ತಮ್ಮನವರು ಮುಂದೆ ಮಾಡಿದ ಕೆಲಸದ ಭಾರ ನಮಗೆ ತಿಳಿಯುವುದಿಲ್ಲ. ಸಂಧಾನಕ್ಕೆ ಹೋದ ಕೃಷ್ಣನ ಕಥೆಯನ್ನು ಕುಮಾರವ್ಯಾಸ ಭಾರತದ ಉದ್ಯೋಗಪರ್ವದಲ್ಲಿ ಕೇಳಿದವರು ನಾವು. ಕಳುಹಿಸಿದವನ ಮಾತನ್ನು ಕಳುಹಿಸಿಕೊಂಡವನ ಸಭೆಯಲ್ಲಿ ಆಡುವುದೇ ರಾಯಭಾರ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ತಮ್ಮನ್ನು ಕ್ರಿಸ್ತನ ರಾಯಭಾರಿಯೆಂದು ಕರೆದುಕೊಂಡದ್ದೂ ಈ ಅರ್ಥದಲ್ಲಿಯೇ. ಎಫೆಸದವರಿಗೆ ಬರೆದ ಪತ್ರದಲ್ಲಿ ಅವರು ಸಂಕೋಲೆ ತೊಟ್ಟ ರಾಯಭಾರಿ. ಆ ಕಾಲದ ಕಿವಿಗಳಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು, ಏಕೆಂದರೆ ದೂತನ ಮೈಮುಟ್ಟಬಾರದೆಂಬುದು ಲೋಕದ ಹಳೆಯ ಧರ್ಮ. 1961ರ ವಿಯೆನ್ನಾ ಒಪ್ಪಂದ ಅದನ್ನೇ ಅಂತರರಾಷ್ಟ್ರೀಯ ಕಾನೂನಾಗಿ ಬರೆದಿಟ್ಟಿತು.

ರಾಯಭಾರಿಗಳಲ್ಲಿ ಎರಡು ಬಗೆ. ಒಬ್ಬರು ರಾಜಕೀಯದಿಂದಲೋ ಸಾರ್ವಜನಿಕ ಜೀವನದಿಂದಲೋ ನೇರವಾಗಿ ನೇಮಕಗೊಳ್ಳುವವರು. 1947ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದ ವಿಜಯಲಕ್ಷ್ಮಿ ಪಂಡಿತರು ಅಂಥವರು. ಇನ್ನೊಬ್ಬರು ಪರೀಕ್ಷೆ ಬರೆದು, ಮೂರನೆಯ ಕಾರ್ಯದರ್ಶಿಯಾಗಿ ಸೇರಿ, ಎರಡನೆಯ, ಮೊದಲನೆಯ ಕಾರ್ಯದರ್ಶಿ, ಕೌನ್ಸೆಲರ್ ಎಂದು ಮೆಟ್ಟಿಲೇರುತ್ತಾ ಇಪ್ಪತ್ತು ವರ್ಷಗಳ ಆಚೆ ಆ ಕುರ್ಚಿಗೆ ಬರುವವರು. ಮೂರು ವರ್ಷಕ್ಕೊಮ್ಮೆ ಊರು ಬದಲು, ಭಾಷೆ ಬದಲು, ಊಟ ಬದಲು. ಮಿರಜಿನ ಆಸ್ಪತ್ರೆಗೆ ಹೋದಾಗ ಮರಾಠಿಯಲ್ಲಿಯೂ ಮನೆಗೆ ಮರಳಿದಾಗ ಕನ್ನಡದಲ್ಲಿಯೂ ಮಾತಾಡುವ ಗಡಿನಾಡಿನವರಾದ ನಮಗೆ ಅದರ ಒಂದು ಚೂರು ರುಚಿ ಗೊತ್ತು. ರಾಯಭಾರ ಕಚೇರಿ ಎಂದರೆ ಔತಣಕೂಟ ಎಂದುಕೊಂಡವರೂ ಇದ್ದಾರೆ. ಮಗಳನ್ನು ಕೊಲ್ಲಿ ದೇಶಕ್ಕೆ ನರ್ಸ್ ಕೆಲಸಕ್ಕೆ ಕಳುಹಿಸಿದ ತಾಯಂದಿರು ಹಾಗೆಂದುಕೊಳ್ಳುವುದಿಲ್ಲ. 1990ರಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಮಾರ್ಗವಾಗಿ ವಿಮಾನವೇರಿ ಮನೆ ತಲುಪಿದ್ದರ ಹಿಂದೆ, 2014ರಲ್ಲಿ ತಿಕ್ರಿತಿನಲ್ಲಿ ಸಿಲುಕಿದ್ದ 46 ಮಂದಿ ನರ್ಸುಗಳು ಜೀವಂತ ಮರಳಿದ್ದರ ಹಿಂದೆ, ಹೆಸರು ಹೊರಬಾರದ ಎಷ್ಟೋ ರಾಯಭಾರ ಕಚೇರಿ ನೌಕರರ ನಿದ್ದೆಗೆಟ್ಟ ರಾತ್ರಿಗಳಿವೆ.

ಈ ವೃತ್ತಿಯ ನೈತಿಕ ತೊಡಕೂ ಇಲ್ಲಿಯೇ ಇದೆ. 1604ರಲ್ಲಿ ವೆನಿಸಿಗೆ ಹೊರಟಿದ್ದ ಇಂಗ್ಲೆಂಡಿನ ರಾಯಭಾರಿ ಹೆನ್ರಿ ವಾಟನ್, ದಾರಿಯಲ್ಲಿ ಗೆಳೆಯನೊಬ್ಬನ ಪುಸ್ತಕದಲ್ಲಿ, ದೇಶದ ಹಿತಕ್ಕಾಗಿ ಸುಳ್ಳಾಡಲು ಪರದೇಶಕ್ಕೆ ಕಳುಹಿಸಲ್ಪಟ್ಟ ಪ್ರಾಮಾಣಿಕನೇ ರಾಯಭಾರಿ ಎಂಬರ್ಥದ ತಮಾಷೆಯೊಂದನ್ನು ಬರೆದಿಟ್ಟ. ಕೆಲವು ವರ್ಷಗಳ ಬಳಿಕ ಅದು ಬಯಲಾಗಿ ಅವನ ಅರಸನೇ ಅವನ ಮೇಲೆ ಮುನಿದ. ರಾಯಭಾರಿ ತನ್ನ ಮಾತನ್ನು ಆಡುವಂತಿಲ್ಲ, ಕಳುಹಿಸಿದವರ ಮಾತನ್ನಾಡಬೇಕು. ಕಳುಹಿಸಿದವರೇ ತಪ್ಪು ಮಾಡಿದರೆ? ಆಗಲೂ ಅವರ ಗೌರವವನ್ನು ಕಾಯಬೇಕು. ವಿಧೇಯತೆಯ ವಚನ ಕೊಟ್ಟ ನನ್ನಂಥವನಿಗೆ ಈ ಬಿಗಿ ಹೊಸತಲ್ಲ.

ಮುತ್ತಮ್ಮನವರ ಮೊದಲ ನೇಮಕ ಪ್ಯಾರಿಸಿನಲ್ಲಿ. ಮುಂದೆ ರಂಗೂನ್, ಲಂಡನ್. ದೆಹಲಿಯ ಸಚಿವಾಲಯದಲ್ಲಿ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳು. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ನೇಮಕಗೊಂಡರು. ಸೇವೆಯ ಒಳಗಿನಿಂದ ಮೇಲೇರಿ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ. ಆ ಬಳಿಕ ಘಾನಾ. ಅದು ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ಅದೇ ಹುದ್ದೆಗೆ ಹೈಕಮಿಷನರ್ ಎಂದು ಹೆಸರು. ಕೊನೆಯದಾಗಿ ನೆದರ್‌ಲ್ಯಾಂಡ್ಸ್ ದೇಶದ ಹೇಗ್ ನಗರ.

ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಎಂದಾಗ ನನ್ನ ವಯಸ್ಸಿನ ಗುರುಗಳಿಗೆ ಮೊದಲು ನೆನಪಾಗುವುದು ಕಾರ್ಡಿನಲ್ ಮಿಂಡ್ಸೆಂಟಿ. ಕಮ್ಯುನಿಸ್ಟ್ ಸರಕಾರದ ಸೆರೆಮನೆಯಿಂದ 1956ರ ದಂಗೆಯಲ್ಲಿ ಬಿಡುಗಡೆಯಾಗಿ, ದಂಗೆ ಅಡಗಿದಾಗ ಅಮೆರಿಕದ ರಾಯಭಾರ ಕಚೇರಿಯೊಳಗೆ ಆಶ್ರಯ ಪಡೆದ ಅವರು ಹದಿನೈದು ವರ್ಷ ಅಲ್ಲಿಯೇ ಇದ್ದರು. ಮುತ್ತಮ್ಮನವರು ನೇಮಕಗೊಂಡ ವರ್ಷವೂ ಅವರು ಅದೇ ನಗರದಲ್ಲಿ, ಹೊರಗೆ ಕಾಲಿಡಲಾಗದೆ ಇದ್ದರು. ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಸಂಬಂಧವಿಲ್ಲ. ಆದರೂ ಆ ಕಾರ್ಡಿನಲರ ಕಥೆಯ ಕೊನೆಯನ್ನು ಇಲ್ಲಿ ಹೇಳಬೇಕು. 1971ರಲ್ಲಿ ವ್ಯಾಟಿಕನ್ನಿನ ರಾಜತಾಂತ್ರಿಕರು ಸಂಧಾನ ನಡೆಸಿ ಅವರನ್ನು ಹೊರತಂದರು. 1974ರಲ್ಲಿ ಜಗದ್ಗುರು ಆರನೇ ಪೌಲರು ಅವರ ಪೀಠ ತೆರವಾಗಿದೆಯೆಂದು ಘೋಷಿಸಿದಾಗ ಮಿಂಡ್ಸೆಂಟಿ ಆ ತೀರ್ಮಾನವನ್ನು ತಡೆಯಲು ಹೋಗಲಿಲ್ಲ. ತಾವಾಗಿ ರಾಜೀನಾಮೆ ಕೊಟ್ಟಿಲ್ಲವೆಂಬ ಸತ್ಯವನ್ನು ಮಾತ್ರ ಬಹಿರಂಗವಾಗಿ ಹೇಳಿದರು. ವಿಧೇಯತೆಯ ಜೊತೆಗೇ ಸತ್ಯವೂ ಬದುಕಬಲ್ಲದು ಎಂಬುದಕ್ಕೆ ಗುರುಮಠದ ದಿನಗಳಲ್ಲಿ ನಮಗೆ ಸಿಕ್ಕಿದ ನಿದರ್ಶನ ಇದು. ಪಾಠದಲ್ಲಿ ಇರಲಿಲ್ಲ, ಊಟದ ಮೇಜಿನ ಚರ್ಚೆಯಲ್ಲಿತ್ತು.

ಮುತ್ತಮ್ಮನವರ ಸತ್ಯದ ಗಳಿಗೆ ಬಂದದ್ದು ಆ ದಶಕದ ಕೊನೆಯಲ್ಲಿ. ಸೇವೆಯ ಅತ್ಯುನ್ನತ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅವರನ್ನು ಅರ್ಹತೆಯ ಕಾರಣ ಹೇಳಿ ಕೈಬಿಡಲಾಯಿತು. ಸೇವೆಗೆ ಸೇರಿದಂದಿನಿಂದ ಹೆಣ್ಣೆಂಬ ಕಾರಣಕ್ಕೆ ನಡೆದುಕೊಂಡು ಬಂದ ತಾರತಮ್ಯದ ಮುಂದುವರಿಕೆ ಇದು ಎಂದು ಅವರು ಭಾರತ ಸರಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಒಂದು ಕ್ಷಣ ಯೋಚಿಸಿ. ಮೂವತ್ತು ವರ್ಷ ಯಾವ ಸರಕಾರದ ಮಾತನ್ನು ಜಗತ್ತಿನ ಮುಂದೆ ಎತ್ತಿಹಿಡಿದರೋ ಅದೇ ಸರಕಾರವನ್ನು ಕಟಕಟೆಯಲ್ಲಿ ನಿಲ್ಲಿಸುವುದು! ಅವರು ಸೇವೆಯಿಂದ ನಿವೃತ್ತರಾಗಿರಲಿಲ್ಲ, ರಾಜೀನಾಮೆಯನ್ನೂ ಕೊಟ್ಟಿರಲಿಲ್ಲ. ಸೇವೆಯಲ್ಲಿದ್ದುಕೊಂಡೇ ಕೇಳಿದರು.

ಅರ್ಜಿ ವಿಚಾರಣೆಯ ಹಂತದಲ್ಲಿದ್ದಾಗಲೇ ಸರಕಾರ ಅವರಿಗೆ ಬಡ್ತಿ ನೀಡಿತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪಿತ್ತರು. ಆ ತೀರ್ಪಿನ ತರ್ಕವನ್ನು ಓದಿದಾಗ ನಮ್ಮ ಹುಡುಗಿಯ ಮೆಲುದನಿ ನನಗೆ ಮತ್ತೆ ಕೇಳಿಸಿತು. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲ, ವಿವಾಹಿತ ಪುರುಷನಿಗೆ ಇರುವ ಹಕ್ಕು ವಿವಾಹಿತ ಸ್ತ್ರೀಗೆ ಏಕಿಲ್ಲ ಎಂಬುದು ಅವರ ಪ್ರಶ್ನೆ. ಎಲ್ಲ ಕೆಲಸಗಳಲ್ಲಿ, ಎಲ್ಲ ಸನ್ನಿವೇಶಗಳಲ್ಲಿ ಗಂಡುಹೆಣ್ಣುಗಳ ನಡುವೆ ಯಾವ ವ್ಯತ್ಯಾಸವೂ ಇರಬಾರದೆಂದು ತಾವು ಹೇಳುತ್ತಿಲ್ಲವೆಂದೂ, ಆದರೆ ಅಂಥ ವ್ಯತ್ಯಾಸಕ್ಕೆ ತೋರಿಸಬಲ್ಲ ಕಾರಣವಿರಬೇಕೆಂದೂ ಅವರು ಸೇರಿಸಿದರು. ಎರಡು ನಿಯಮಗಳಲ್ಲಿ ಒಂದು ಆಗಲೇ ರದ್ದಾಗಿತ್ತು, ಇನ್ನೊಂದನ್ನು ತೆಗೆಯುವ ಕ್ರಮ ನಡೆದಿದೆ ಎಂದು ಸರಕಾರ ತಿಳಿಸಿತು. ಬಡ್ತಿ ದೊರೆತಿದ್ದರಿಂದ ಅರ್ಜಿ ವಜಾ ಆಯಿತು. ಅರ್ಜಿಯನ್ನು ವಜಾ ಮಾಡಿದ್ದೇವೆ, ಸಮಸ್ಯೆಯನ್ನಲ್ಲ ಎಂಬ ಧಾಟಿಯಲ್ಲಿ ನ್ಯಾಯಮೂರ್ತಿಗಳು ಮುಗಿಸಿದರು. ಸೇವಾ ನಿಯಮಗಳನ್ನೆಲ್ಲ ತಾರತಮ್ಯದ ಕಳೆ ಕೀಳುವಂತೆ ಪರಿಶೀಲಿಸಲು ಸರಕಾರಕ್ಕೆ ಹೇಳಿದರು. ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಆ ತೀರ್ಪನ್ನು ಓದುತ್ತಾರೆ. ಕಾಗದದ ಮೇಲೆ ಸೋತ ಮೊಕದ್ದಮೆ ಅದು!

ನನ್ನ ಮನಸ್ಸಿನಲ್ಲಿದ್ದ ಆಕ್ಷೇಪವನ್ನೂ ನಿಮ್ಮ ಮುಂದಿಡುತ್ತೇನೆ. ಮುತ್ತಮ್ಮನವರು ತಿಳಿದೇ ಸಹಿ ಹಾಕಿದ್ದರು. ಕೊಟ್ಟ ಮಾತು ಮಾತೇ ಅಲ್ಲವೇ? ಅಂದ ಮೇಲೆ ದೂರಲು ಅವರಿಗೇನು ಅಧಿಕಾರ? ನಾನೂ ಗುರುದೀಕ್ಷೆಯ ದಿನ ಧರ್ಮಾಧ್ಯಕ್ಷರ ಕೈಯಲ್ಲಿ ಕೈಯಿಟ್ಟು ವಿಧೇಯತೆಯ ವಚನ ಕೊಟ್ಟವನು. ಅದಕ್ಕೂ ಮುನ್ನವೇ ಬ್ರಹ್ಮಚರ್ಯದ ವಚನ ಕೊಟ್ಟವನು. ಮದುವೆಯಾದರೆ ಈ ಸೇವೆ ಬಿಡಬೇಕೆಂಬುದು ನನಗೂ ಅನ್ವಯಿಸುತ್ತದೆ. ನಾನೇನು ನ್ಯಾಯಾಲಯಕ್ಕೆ ಹೋದೆನೇ? ಇಷ್ಟು ಅಂದುಕೊಂಡಾಗ ವಾದ ಗೆದ್ದೆನೆಂದೇ ಭಾವಿಸಿದ್ದೆ.

ಆದರೆ ಹೋಲಿಕೆ ನಿಲ್ಲುವುದಿಲ್ಲ. ನಾನು ಕೊಟ್ಟ ವಚನ ನನ್ನ ಪಕ್ಕದಲ್ಲಿ ಸಾಷ್ಟಾಂಗ ಮಲಗಿದ್ದ ಪ್ರತಿಯೊಬ್ಬನೂ ಕೊಟ್ಟ ವಚನ. ವರ್ಷಗಟ್ಟಲೆ ಯೋಚಿಸಲು ನಮಗೆ ಅವಕಾಶವಿತ್ತು. ಹಿಂದೆ ಸರಿದವರನ್ನು ಯಾರೂ ಹಳಿಯಲಿಲ್ಲ. ಆ ಬದುಕಿನ ಅರ್ಥವೇ ಆ ಅರ್ಪಣೆಯಲ್ಲಿತ್ತು. ಮುತ್ತಮ್ಮನವರ ಮುಂದೆ ಇಟ್ಟ ಕಾಗದ ಹಾಗಿರಲಿಲ್ಲ. ರಾಯಭಾರಿಯ ವೃತ್ತಿಗೆ ಬ್ರಹ್ಮಚರ್ಯ ಬೇಕಾಗಿದ್ದರೆ ಗಂಡಸರಿಗೂ ಬೇಕಾಗುತ್ತಿತ್ತು. ಬೇಕಿರಲಿಲ್ಲ, ಅವರ ಸಹೋದ್ಯೋಗಿಗಳೆಲ್ಲ ಹೆಂಡತಿ ಮಕ್ಕಳೊಂದಿಗೆ ದೇಶದಿಂದ ದೇಶಕ್ಕೆ ಹೋದರು. ಅವರು ಕೊಟ್ಟದ್ದು ಅರ್ಪಣೆಯಲ್ಲ, ನಾಕಾದಲ್ಲಿ ಕಟ್ಟಿಸಿಕೊಂಡ ಸುಂಕ. ಒಂದೇ ರಸ್ತೆ, ಒಂದೇ ಗಾಡಿ, ಕೆಲವರಿಗೆ ಮಾತ್ರ ಸುಂಕ.

ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಅನ್ಯಾಯದ ಕಾನೂನನ್ನು ಗುರುತಿಸುವ ಬಗೆಗಳನ್ನು ಚರ್ಚಿಸುತ್ತಾರೆ. ಆಳುವವನು ತನ್ನ ಲಾಭಕ್ಕೆ ಮಾಡಿದ್ದು ಒಂದು. ತನ್ನ ಅಧಿಕಾರದ ಮೇರೆ ಮೀರಿ ಮಾಡಿದ್ದು ಇನ್ನೊಂದು. ಗುರುಮಠದಲ್ಲಿ ಪರೀಕ್ಷೆಗಾಗಿ ಇವೆರಡನ್ನು ನಾನು ಚೆನ್ನಾಗಿ ಬಾಯಿಪಾಠ ಮಾಡಿದ್ದೆ. ಮೂರನೆಯದು ಮರೆತೇಹೋಗಿತ್ತು. ಸಮುದಾಯದ ಹಿತಕ್ಕೆಂದೇ ಮಾಡಿದ ಕಾನೂನಾದರೂ, ಅದರ ಭಾರವನ್ನು ಜನರ ಮೇಲೆ ಅಸಮಾನವಾಗಿ ಹೊರಿಸಿದರೆ ಅದೂ ಅನ್ಯಾಯದ ಕಾನೂನೇ, ಅದು ಅಂತಃಕರಣವನ್ನು ಕಟ್ಟಿಹಾಕುವುದಿಲ್ಲ ಎನ್ನುತ್ತಾರೆ ಅವರು. ಅಪವಾದಕ್ಕೋ ಗಲಭೆಗೋ ಎಡೆಯಾಗಬಾರದೆಂದು ಮನುಷ್ಯ ಕೆಲವೊಮ್ಮೆ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾಗಬಹುದು ಎಂದೂ ಅವರೇ ಎಚ್ಚರಿಸುತ್ತಾರೆ. ನಾನು ಅಂದು ಹುಡುಗಿಗೆ ಹೇಳಿದ್ದು ಈ ಕೊನೆಯ ವಾಕ್ಯವನ್ನು ಮಾತ್ರ, ಅದರ ಹಿಂದಿನದನ್ನಲ್ಲ. ಬಿಟ್ಟುಕೊಡುವುದು ಬಿಟ್ಟುಕೊಡುವವನ ನಿರ್ಧಾರವಾಗಿರಬೇಕು. ಪಕ್ಕದಲ್ಲಿ ನಿಂತ ಗುರುಗಳು ಅವನ ಪರವಾಗಿ ಬಿಟ್ಟುಕೊಡಲಾಗದು.

ಮುತ್ತಮ್ಮನವರು ಮದುವೆಯಾಗಲಿಲ್ಲ. ಅದಕ್ಕೆ ಆ ಮುಚ್ಚಳಿಕೆ ಕಾರಣವೋ ಅವರ ಮನಸ್ಸು ಕಾರಣವೋ ಎಂದು ಕೇಳುವ ಹಕ್ಕು ನಮಗಿಲ್ಲ. ಅವರ ಸೇವಾನಿಷ್ಠೆಯ ಬಗ್ಗೆ ಮಾತ್ರ ಒಂದು ಮಾತು ಹೇಳಬಹುದು. ಸಂಸ್ಥೆಯೊಂದರ ಮೇಲೆ ಕೋಪಗೊಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಬಾಗಿಲು ಬಡಿದು ಹೊರಗೆ ಹೋಗುತ್ತಾರೆ, ಅಥವಾ ಒಳಗೇ ಕುಳಿತು ಗೊಣಗುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಎರಡನೆಯ ಬಗೆಯವರು ಹೆಚ್ಚು. ಪಾಲನಾ ಸಮಿತಿಯ ಸಭೆಯಲ್ಲಿ ಮೌನ, ಹೊರಗೆ ಚಹಾದ ಅಂಗಡಿಯಲ್ಲಿ ಭಾಷಣ. (ಆ ಸಭೆಗಳಲ್ಲಿ ಚಹಾ ತಂದುಕೊಡುವವರು ಯಾರು, ಕುಳಿತು ಕುಡಿಯುವವರು ಯಾರು ಎಂಬುದನ್ನು ಮುಂದಿನ ಸಲ ಗಮನಿಸಿ.) ಮುತ್ತಮ್ಮನವರು ಮೂರನೆಯ ದಾರಿ ಹಿಡಿದರು. ಬೆಳಿಗ್ಗೆ ಸರಕಾರದ ಕೆಲಸ ಮಾಡಿದರು. ಸರಕಾರವೇ ಒಪ್ಪಿದ ಸಂವಿಧಾನವನ್ನು ಹಿಡಿದು ಸರಕಾರವನ್ನು ಪ್ರಶ್ನಿಸಿದರು. ವಿರೋಧಿಯ ಬಾಗಿಲಿಗೆ ಹೋಗಿ ದೂರಲಿಲ್ಲ, ಪರದೇಶದ ಪತ್ರಿಕೆಗಳಲ್ಲಿ ದೇಶವನ್ನು ಹಳಿಯಲಿಲ್ಲ. ದೇಶಕ್ಕೆ ದೇಶದ ಮಾತನ್ನೇ ನೆನಪಿಸುವ ರಾಯಭಾರವದು. ಅವರ ಜೀವನದ ಅತಿ ಕಠಿಣ ರಾಯಭಾರ ಬುಡಾಪೆಸ್ಟಿನಲ್ಲಿಯೂ ಅಲ್ಲ, ಹೇಗ್‌ನಲ್ಲಿಯೂ ಅಲ್ಲ, ದೆಹಲಿಯಲ್ಲಿ ನಡೆಯಿತು ಎಂದು ನನಗನಿಸುತ್ತದೆ.

1982ರಲ್ಲಿ ಅವರು ನಿವೃತ್ತರಾದರು. ಸ್ವೀಡನ್ನಿನ ಓಲೊಫ್ ಪಾಲ್ಮೆಯವರ ಅಧ್ಯಕ್ಷತೆಯಲ್ಲಿ ನಿಶ್ಶಸ್ತ್ರೀಕರಣ ಕುರಿತು ರಚನೆಯಾಗಿದ್ದ ಸ್ವತಂತ್ರ ಆಯೋಗದಲ್ಲಿ ಭಾರತದ ಸದಸ್ಯೆಯಾಗಿದ್ದರು. ವೈರಿಯನ್ನು ಹೆದರಿಸಿ ನಾನು ಸುರಕ್ಷಿತನಾಗಲಾರೆ, ಅವನೂ ಸುರಕ್ಷಿತನಾದಾಗಲೇ ನಾನೂ ಸುರಕ್ಷಿತ ಎಂಬುದು 1982ರಲ್ಲಿ ಹೊರಬಂದ ಆ ಆಯೋಗದ ವರದಿಯ ತಿರುಳು. ಬೀಗತನಕ್ಕೂ ಇದು ಒಪ್ಪುವ ಮಾತು! ದೆಹಲಿಯಲ್ಲಿ ತಮಗಿದ್ದ ಜಮೀನನ್ನು ಅನಾಥ ಮಕ್ಕಳಿಗಾಗಿ ಮದರ್ ತೆರೇಸರ ಭಗಿನಿಯರಿಗೆ ಕೊಟ್ಟರು. ಆಡಳಿತ ವ್ಯವಸ್ಥೆ ಕುರಿತು ಖಾರವಾದ ಇಂಗ್ಲಿಷ್ ಪುಸ್ತಕವೊಂದನ್ನು ಬರೆದರು. ಕೊಡವರ ಅಡುಗೆಯ ಮೇಲೂ ಇನ್ನೊಬ್ಬರ ಜೊತೆಗೂಡಿ ಒಂದು ಪುಸ್ತಕ ತಂದರು. ಅಡುಗೆಮನೆ ಬೇಡವೆಂದು ರಾಯಭಾರಿಯಾದವರಲ್ಲ ಅವರು ಎಂಬುದಕ್ಕೆ ಆ ಎರಡನೆಯದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಆಗಸ್ಟ್ 1ರಂದು, ನಿರುಪಮಾ ರಾವ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು, 1973ರಲ್ಲಿ ಸೇವೆ ಸೇರಿದವರು. ಅವರು ವಿವಾಹಿತರು, ಇಬ್ಬರು ಗಂಡುಮಕ್ಕಳ ತಾಯಿ. ಪತಿ ಸುಧಾಕರ್ ರಾವ್ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಆ ಸುದ್ದಿಯನ್ನು ಓದುವಾಗ ವೃದ್ಧ ಮುತ್ತಮ್ಮನವರಿಗೆ 1949ರ ಆ ಕಾಗದ ನೆನಪಾಗಿರಬಹುದೇ ಎಂದು ನಾನು ಆಗಾಗ ಯೋಚಿಸುವುದುಂಟು.

ಮತ್ತೆ ಹಾರೂಗೇರಿಗೆ ಬರೋಣ. ಹದಿನೈದು ದಿನದ ಬಳಿಕ ನಾನೇ ಆ ಮನೆಗೆ ಹೋದೆ. ಆ ಎರಡು ಹಳೆಯ ನಿಯಮಗಳನ್ನೂ ತೀರ್ಪಿನ ಸಾರವನ್ನೂ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ, ಎರಡು ಹಾಳೆಯಷ್ಟಾಯಿತು. ಪಡಸಾಲೆಯಲ್ಲಿ ಕುಳಿತು ಓದಿದೆ. ಅಂದು ನಾನು ಕೊಟ್ಟ ಸಲಹೆ ಅವಸರದ್ದು ಎಂದು ಹುಡುಗಿಯ ಎದುರಿಗೇ ಒಪ್ಪಿಕೊಂಡೆ. ಐವತ್ತು ದಾಟಿದ ಗುರುಗಳಿಗೆ ಇಪ್ಪತ್ತಮೂರರ ಹುಡುಗಿಯ ಮುಂದೆ ಅದು ಸುಲಭವಲ್ಲ, ನಿಮಗೆ ಗೊತ್ತಿರಬಹುದು. ತಂದೆ ಬಹಳ ಹೊತ್ತು ಸುಮ್ಮನಿದ್ದರು. ಅವರ ಅಂಜಿಕೆಯೂ ಸುಳ್ಳಲ್ಲ. ಇನ್ನಿಬ್ಬರು ಹೆಣ್ಣುಮಕ್ಕಳಿದ್ದಾರೆ, ಒಂದು ಸಂಬಂಧ ಮುರಿದರೆ ಊರ ಬಾಯಿ ಮುಚ್ಚುವವರಾರು? ಸರ್ವೋಚ್ಚ ನ್ಯಾಯಾಲಯದ ತೀರ್ಪು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ; ನನ್ನ ಬಳಿಯೂ ಇರಲಿಲ್ಲ.

ಕೊನೆಗೆ ಅವರು, "ಇದನ್ನ ಹುಡುಗನ ತಂದೀಗೂ ಓದಿ ಹೇಳತೀರೇನ್ರಿ ಫಾದರ್? ನಾ ಹೇಳಿದ್ರ ಜಗಳ ಅಕ್ಕೈತಿ" ಎಂದರು. ಒಪ್ಪಿಕೊಂಡೆ. ಅಥಣಿಯ ಕಡೆಯ ಊರು, ಮುಂದಿನ ಗುರುವಾರ ಹೊರಡುವುದೆಂದಾಯಿತು. ಹುಡುಗನನ್ನೂ ಆ ದಿನ ಮನೆಯಲ್ಲಿರಲು ಹೇಳಿ ಕಳುಹಿಸಿದ್ದಾರೆ. ಆ ಹುಡುಗನ ಮನಸ್ಸಿನಲ್ಲಿ ಏನಿದೆಯೆಂದು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ ಎಂಬುದು ಆಗ ತಿಳಿಯಿತು.

ನಾನು ಎದ್ದು ಚಪ್ಪಲಿ ಮೆಟ್ಟುವಾಗ ಹುಡುಗಿ ಬಾಗಿಲವರೆಗೆ ಬಂದಳು.

"ಫಾದರ್, ನನ್ನ ಮಾತ ನಾ ಹೇಳಿದಂಗ ಹೇಳ್ರಿ. ನಡುವ ನಿಮ್ಮದ ಕೂಡಸಬ್ಯಾಡ್ರಿ."